ಯಾರೋ ಅಂದುಬಿಟ್ಟೆ

ಅಕ್ಕಾ, ಹೇಗಿದ್ದೀಯಾ? ನಿನ್ನ ಹತ್ತಿರ ಒಂದು ತಪ್ಪು ಒಪ್ಪಿಕೊಳ್ಳಬೇಕಿದೆ. ನಮ್ಮ ಲಾಂಡ್ರಿಯ ಇಸ್ತ್ರಿ ಕೋಣೆಯಲ್ಲಿ ಐದು ದೇಶದವರಿದ್ದೇವೆ. ದಿನಕ್ಕೊಬ್ಬರು ತಮ್ಮ ಸೀಮೆಯ ಹಾಡುಗಳ ಪ್ಲೇಲಿಸ್ಟ್ ಹಾಕುತ್ತೇವೆ. ಒಬ್ಬರದರಲ್ಲಿ ಡೋಲು, ಒಬ್ಬರದರಲ್ಲಿ ತುತ್ತೂರಿ, ಇನ್ನೊಬ್ಬರದರಲ್ಲಿ ನೂರು ಜನರ ಮೇಳ. ಸೋಮವಾರ ನನ್ನ ಸರದಿ. ಸಿನಿಮಾ ಹಾಡುಗಳ ನಡುವೆ, ನೀನು ಹೊಲಿಗೆ ಮೆಷಿನ್ ತುಳಿಯುತ್ತ ಹಾಡುವಾಗ ನಾನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ಹಾಡು ಬಂದುಬಿಟ್ಟಿತು, ಕೆಮ್ಮಿನ ಸಮೇತ.

"ಯಾರಿದು ಹಾಡ್ತಿರೋದು?" ಎಂದಳು ಎದುರು ಮೇಜಿನ ಹೆಂಗಸು.

ನಾಚಿಕೆಯಾಗಿ "ಯಾರೋ, ಗೊತ್ತಿಲ್ಲ" ಅಂದುಬಿಟ್ಟೆ.

ಆಕೆ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು, "ಇನ್ನೊಂದ್ಸಲ ಹಾಕಪ್ಪ. ನಮ್ಮಮ್ಮನೂ ಹಿಂಗೇ ಹೊಲೀತಾ ಹಾಡ್ತಿದ್ಲು" ಅಂದಳು. ಮೂರು ಸಲ ಹಾಕಿಸಿ ಕಣ್ಣೊರೆಸಿಕೊಂಡಳು. ನಾನು ತಲೆ ಎತ್ತಲಿಲ್ಲ. ನಿನ್ನ ಹೊಲಿಗೆಯ ದುಡ್ಡಿನಲ್ಲೇ ಓದಿ ದೊಡ್ಡವನಾದ ನನ್ನ ನಾಲಿಗೆಗೆ ಏನು ಬಂದಿತ್ತು!

ಮರುದಿನ ಆಕೆಗೆ "ಅವಳು ನನ್ನಕ್ಕ" ಅಂದೆ. "ನಿನ್ನ ಮುಖ ಹುಳ್ಳಗಾದಾಗ್ಲೇ ಗೊತ್ತಾಯ್ತು. ನಂಗಲ್ಲ, ಅವಳಿಗೆ ಹೇಳು" ಅಂದಳು.

ಹೋದ ತಿಂಗಳು ಇಸ್ತ್ರಿ ತಗುಲಿ ಸುಟ್ಟಿದ್ದ ನನ್ನ ಕೈ ವಾಸಿಯಾಗಿದೆ, ಚಿಂತೆ ಮಾಡಬೇಡ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾಲ್ಕು ಜನರೆದುರು ಮಾಡಿದ ತಪ್ಪನ್ನು ದಾರಿಯಲ್ಲಿ ನಾಲ್ಕು ಜನ ಓದಲಿ ಎಂದೇ ತೆರೆದ ಅಂಚೆ ಕಾರ್ಡಿನಲ್ಲಿ ಬರೆದೆ. ಜಾಗ ಮುಗಿಯಿತು.

ನಿನ್ನ ತಮ್ಮ