ಎರಡು ನೀಲಿ ಗೆರೆಗಳ ಹಾಜರಿ

ಹುಕ್ಕೇರಿ ತಾಲೂಕು
೨೮ ಡಿಸೆಂಬರ್ ೨೦೨೦

ಮಾನ್ಯ ಶಿಕ್ಷಣಾಧಿಕಾರಿಗಳಿಗೆ,

...ಶಾಲೆ ಮುಚ್ಚಿರುವಾಗ ಫೋನಿನ ವಾಟ್ಸಾಪಿಗೆ ಪಾಠ ಕಳಿಸಿದ ಮೇಲೆ, ನೋಡಿದ ಗುರುತಾಗಿ ಎರಡು ಗೆರೆ ನೀಲಿಯಾದರೆ ಹಾಜರಿ ಎಂದೇ ಬರೆಯಿರಿ, ಅಂತ ಸಭೆಯಲ್ಲಿ ಯಾರೋ ಅಂದರು. ತಾವಲ್ಲದಿರಬಹುದು. ನಾನು ಹಾಗೆಯೇ ಬರೆದೆ. ಏಳನೆಯ ತರಗತಿಯ ಮಯೂರಿಯ ಗೆರೆಗಳು ಒಂದು ದಿನವೂ ಬಿಡದೆ ನೀಲಿಯಾಗುತ್ತಿದ್ದವು.

ನಿನ್ನೆ ಪುಸ್ತಕ ಕೊಡಲು ಘೋಡಗೇರಿಯ ಅವಳ ಮನೆಗೆ ಹೋದೆ. ಅಪ್ಪ ಲಗಮಣ್ಣ ಮುರಿದ ಕಾಲು ಚಾಚಿಕೊಂಡು ಒಬ್ಬನೇ ಕೂತಿದ್ದ.

"ಆಕಿ ಅವ್ವನ ಕೂಡ ಕಬ್ಬು ಕಡ್ಯಾಕ ಹೋಗ್ಯಾಳ್ರಿ ಸರ. ದೀಪಾವಳಿ ಮರುದಿನಾನ."

"ಮತ್ತ ಪಾಠ ನೋಡಿದವರು ಯಾರು?"

"ನಾನರೀ. ಮಗಳ ಹೆಸರು ಹೊಡದ ಹಾಕೀರಿ ಅಂತ ದಿನಾ ತೆರೀತಿದ್ದೆ. ನಿಮ್ಮ ಭಿನ್ನರಾಶಿ ಖರೆ ಏನೂ ತಿಳೀಲಿಲ್ಲ ಬಿಡ್ರಿ."

ಈಗ ಯಾವ ಊರಲ್ಲಿದ್ದಾರೆಂದು ಅವನಿಗೂ ಗೊತ್ತಿಲ್ಲ. ಕಬ್ಬು ಕಡಿಯುವ ಗುಂಪು ಊರು ಬದಲಿಸುತ್ತಲೇ ಇರುತ್ತದಂತೆ. ಇವತ್ತು ಎರಡು ಸಲ ಹತ್ತರಗಿಯ ಹೆದ್ದಾರಿಗೆ ಹೋಗಿ, ಕಬ್ಬಿನ ಟ್ರ್ಯಾಕ್ಟರುಗಳನ್ನು ನಿಲ್ಲಿಸಿ ಕೇಳಿ ಬಂದೆ; ಸುಳಿವು ಸಿಗಲಿಲ್ಲ.

ಸತತವಾಗಿ ಗೈರಾದ ಮಕ್ಕಳನ್ನಷ್ಟೇ ನಾವು ಹುಡುಕಿಸುತ್ತೇವೆ. ನನ್ನ ಹಾಜರಿ ಪುಸ್ತಕದಲ್ಲಿ ಅವಳು ದಿನವೂ ಹಾಜರಿದ್ದಾಳೆ. ಆದ್ದರಿಂದ ದೀಪಾವಳಿಯಿಂದೀಚೆಗಿನ ಅವಳ ಹಾಜರಿಯನ್ನು ತಿದ್ದಲು ಅನುಮತಿ ಕೊಡಬೇಕು. ತಪ್ಪು ಹಾಜರಿಯ ನೋಟಿಸು ನನಗೆ ಬರಲಿ, ಲಗಮಣ್ಣನಿಗೆ ಬೇಡ.

ಕೆಂಪು ಪೆನ್ನು ಕೈಯಲ್ಲೇ ಇದೆ. ಆರು ವರ್ಷದಲ್ಲಿ ಅವಳು ಒಂದು ದಿನವೂ ಸಾಲಿ ತಪ್ಪಿಸಿದವಳಲ್ಲ. ಮಯೂರಿ, ಗೈರು ಅಂತ ಬರದರ ನನ್ನ ಮ್ಯಾಲ ಸಿಟ್ಟಾಗ್ತಿಯೇನ?

ತಮ್ಮ ವಿಧೇಯ,
ಕಾಶಿನಾಥ, ಸಹಶಿಕ್ಷಕ