ವಾಯಿದೆರಾಯನ ಕುರ್ಚಿ

ಜೂನ್ ೧೨, ಗುರುವಾರ

ಕೊನೆಗೂ ವಾಯಿದೆರಾಯನೇ ಮುಖ್ಯ ಸರ್ಕಾರಿ ವಕೀಲ! ಕೋರ್ಟಿನಲ್ಲಿ ನಿಂತರೆ ಮುಂದಿನ ತಾರೀಖಿಗೆ ವಾಯಿದೆ ಬಿಟ್ಟು ಬೇರೇನೂ ಕೇಳಲು ಬಾರದವನು, ಅದಕ್ಕೇ ನಾವಿಟ್ಟ ಹೆಸರು ಅದು. ಒಮ್ಮೆ ನಮ್ಮ ಕಡೆಯ ಸಾಕ್ಷಿಗೇ, ಎದುರು ಕಡೆಯವನೆಂದುಕೊಂಡು, ಪಾಟೀಸವಾಲು ಹಾಕಲು ಎದ್ದಿದ್ದ. ಕೋಟು ಹಿಡಿದೆಳೆದು ಕೂರಿಸಿದವನು ನಾನು. ಅವನ ಮಾವ ಗೆದ್ದ ಪಕ್ಷಕ್ಕೆ ಧಾರಾಳವಾಗಿ ದೇಣಿಗೆ ಕೊಟ್ಟದ್ದು ಊರಿಗೆಲ್ಲ ಗೊತ್ತು. ಇಂದು ಆ ಮಾವನ ಮೇಲಿದ್ದ ವಂಚನೆ ಮೊಕದ್ದಮೆ ಹಿಂತೆಗೆಯುವ ಅರ್ಜಿಗೆ ಅಳಿಯನೇ ಸಹಿ ಹಾಕಿದ. ಅದಕ್ಕೂ ನನಗೆ ಇಷ್ಟು ಉರಿಯಲಿಲ್ಲ. ಸಹಿ ಹಾಕಿದವನು ನಾನು ಕಣ್ಣಿಟ್ಟಿದ್ದ ಆ ತಿರುಗುವ ಕುರ್ಚಿಯಲ್ಲಿ ಆರಾಮಾಗಿ ಒಂದು ಸುತ್ತು ತಿರುಗಿದನಲ್ಲ, ಆಗ ಹೊಟ್ಟೆಗೆ ಬೆಂಕಿ ಬಿತ್ತು.

ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಹಾರಾಡಿದೆ. "ನಾನು ಯಾರ ಕಾಲೂ ಹಿಡಿಯದೆ ಸರ್ಕಾರಿ ವಕೀಲನಾದವನು ಕಣೇ!"

ಅವಳು ಬಡಿಸುತ್ತಲೇ ಅಂದಳು: "ನೀವು ಹಿಡೀಲಿಲ್ಲ ರೀ, ನಮ್ಮಪ್ಪ ಹಿಡಿದ್ರು. ಹೋದ ಸರ್ಕಾರದವರಿಗೆ ದುಡ್ಡೂ ಕೊಟ್ರು. ನಿಮಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ ಅಷ್ಟೆ."

ನಾಚಿಕೆಯಾಗಬೇಕಿತ್ತು. ಆದರೆ ನನಗೆ ಮೊದಲು ಹೊಳೆದದ್ದೇ ಬೇರೆ: ಈ ಸಲ ನನ್ನ ಮಾವ ಯಾಕೆ ಕೈ ಬಿಗಿ ಹಿಡಿದರು...