ಮೂರು ಸಲ ಚಿಕ್ಕದಾದ ಅಂಗಿ

ತಮ್ಮನಿಗೆ ಅಕ್ಕನ ಆಶೀರ್ವಾದ.

ನಿನ್ನ ಹೆಂಡತಿಯ ಮಂಡಿನೋವು ಹೇಗಿದೆ? ಪುಟ್ಟಿಯ ಕೆಮ್ಮು ನಿಂತಿತೇ? ಸಿಟ್ಟೊಂದನ್ನು ಬಿಟ್ಟರೆ ನನಗೆ ಬೇರೆ ಕಾಯಿಲೆಯೇನೂ ಇಲ್ಲ.

ನನ್ನ ಮಗ ಓಡಿಸುತ್ತಿದ್ದ ಲಾರಿಯ ಪೆಟ್ಟಿಗೆಯೊಂದರಲ್ಲಿ ಗಾಂಜಾ ಸಿಕ್ಕಿ ನಾಲ್ಕು ವರ್ಷವಾಯಿತು. ಪೆಟ್ಟಿಗೆ ತುಂಬಿದವರು ಸಿಗಲಿಲ್ಲ, ಸ್ಟಿಯರಿಂಗ್ ಹಿಡಿದವನು ಸಿಕ್ಕಿದ. ಕೋರ್ಟಿಗೆಂದು ನಾನು ಹೊಲಿದುಕೊಟ್ಟ ಅಂಗಿಯನ್ನು ಇಷ್ಟರೊಳಗೆ ಮೂರು ಸಲ ಹೊಲಿಗೆ ಬಿಚ್ಚಿ ಚಿಕ್ಕದು ಮಾಡಿದ್ದೇನೆ. ಜೈಲಿನಲ್ಲಿ ಅಷ್ಟು ಸೊರಗಿದ್ದಾನೆ ಅವನು.

ಕೊನೆಗೆ ನ್ಯಾಯಾಧೀಶರೇ ಸರ್ಕಾರಿ ವಕೀಲರನ್ನು ಕೇಳಿದರು: "ಇಪ್ಪತ್ತು ಸಾಕ್ಷಿಗಳಲ್ಲಿ ಎಷ್ಟು ಜನ ಬಂದ್ರು?"

"ಒಬ್ರು, ಸ್ವಾಮಿ."

"ಹಾಗಾದ್ರೆ ವಿಚಾರಣೆ ಮುಗಿಯೋ ಹೊತ್ತಿಗೆ ಈ ಹುಡುಗ ಮುದುಕ ಆಗ್ಬೇಕೇನ್ರೀ?"

ಹಾಗೆ ಗದರಿ ಜಾಮೀನು ಕೊಟ್ಟರು. ಸ್ವಂತ ಮನೆಯಿರುವ ಸಂಬಂಧಿಕರೊಬ್ಬರು ಬಂದು ಸಹಿ ಹಾಕಬೇಕು, ಅಷ್ಟೇ. ನಮ್ಮಲ್ಲಿ ಸ್ವಂತ ಮನೆಯಿರುವವನು ನೀನೊಬ್ಬನೇ.

ನೀನು ಫೋನಿನಲ್ಲಿ ಏನಂದೆ, ನೆನಪಿದೆಯೇ? "ಅಕ್ಕಾ, ಗಾಂಜಾ ಕೇಸು. ಬೀದಿಯಲ್ಲಿ ಹೇಗೆ ತಲೆ ಎತ್ಕೊಂಡು ಓಡಾಡ್ಲಿ?" ನೀನು ತಲೆ ಎತ್ತಿಕೊಂಡು ಓಡಾಡುವ ಆ ಕೋಟೂ ನಾನೇ ಹೊಲಿದದ್ದು ಕಣೋ! ನಾಲ್ಕು ವರ್ಷ ಅವನನ್ನು ಒಳಗಿಟ್ಟದ್ದು ಬಾರದ ಸಾಕ್ಷಿಗಳು. ಜಾಮೀನು ಸಿಕ್ಕ ಮೇಲೂ ಈ ಹನ್ನೊಂದು ದಿನ ಇಟ್ಟಿರುವುದು ನೀನು.

ಮೊನ್ನೆ ಭೇಟಿಗೆ ಹೋದಾಗ, "ಮಾವ ಯಾವಾಗ ಬರ್ತಾರಮ್ಮ?" ಎಂದು ಕೇಳಿದ. ಅವರಿಗೆ ಕೆಲಸವಿದೆ ಎಂದು ನಿನಗೋಸ್ಕರ ಸುಳ್ಳು ಹೇಳಿ ಬಂದೆ.

ಅಂಗಿಗೆ ಇಸ್ತ್ರಿ ಮಾಡಿ ಇಟ್ಟಿದ್ದೇನೆ. ನಾಲ್ಕನೆಯ ಸಲ ಅದರ ಹೊಲಿಗೆ ಬಿಚ್ಚುವುದಿಲ್ಲ. ಮನೆಪತ್ರ ಹಿಡಿದು ಸೋಮವಾರ ಕೋರ್ಟಿಗೆ ಬರುತ್ತೀಯೋ ಇಲ್ಲವೋ, ಈ ಕಾಗದ ಕೈಸೇರಿದ ದಿನವೇ ಬರೆದು ತಿಳಿಸು.

ನಿನ್ನ ಅಕ್ಕ